ಏರ್‌ಸಾಫ್ಟ್ ಗನ್ ಕೊಳ್ಳುವ ಮುಂಚೆ: ಯಾವುದಕ್ಕೆ ಯಾವ ಕಾನೂನು ಅಂಟಿಕೊಂಡು ಬರುತ್ತದೆ?

ಏರ್‌ಸಾಫ್ಟ್ ಅಂದರೆ ಸಣ್ಣ ಪ್ಲಾಸ್ಟಿಕ್ ಗುಂಡು ಹಾರಿಸುವ ಗನ್ ಹಿಡಿದು ಮೈದಾನದಲ್ಲಿ ಆಡುವ ಆಟ. ಅದನ್ನು ಆಡಬೇಕು ಅಂತ ಆಸೆ ಹುಟ್ಟಿದವರೆಲ್ಲ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಎಲೆಕ್ಟ್ರಿಕ್ ತಗೊಳ್ಳಲಾ, ಗ್ಯಾಸ್ ತಗೊಳ್ಳಲಾ, ಶುರುವಿಗೆ ಒಂದು ಸ್ಪ್ರಿಂಗ್ ಗನ್ ಸಾಕಾ? ಪೂರ್ತಿ ಕಪ್ಪು ಬಣ್ಣದ್ದಾ, ಅಥವಾ ಅರ್ಧ ನೀಲಿ ಬಳಿದದ್ದಾ? ಉತ್ತರ ಹೇಳುವವರು ಎಷ್ಟು ದೂರ ಹೊಡೆಯುತ್ತದೆ, ಗುರಿ ಎಷ್ಟು ನೇರ, ಮ್ಯಾಗಜೀನಿನಲ್ಲಿ ಎಷ್ಟು ಗುಂಡು ಹಿಡಿಯುತ್ತದೆ ಅಂತ ಶುರು ಮಾಡುತ್ತಾರೆ. ನಾನು ಬೇರೆ ಕಡೆಯಿಂದ ಶುರು ಮಾಡುತ್ತೇನೆ. ನೀವಿರುವ ಕಡೆ ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಹೊತ್ತುಕೊಂಡು ಹೋಗಬಹುದು ಅನ್ನುವುದು ಗೊತ್ತಾದರೆ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ. ಉಳಿದವುಗಳಲ್ಲಿ ಆರಿಸುವುದು ಸುಲಭ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಮೇಲೆ ಆಟಿಕೆ ಅಂತ ಬರೆದಿದ್ದರೆ ಅದು ಕಾನೂನಿನ ಕಣ್ಣಲ್ಲೂ ಆಟಿಕೆ ಆಗಬೇಕಾಗಿಲ್ಲ. ಒಂದೇ ಗನ್ ಒಂದು ದೇಶದಲ್ಲಿ ಆಟಿಕೆ, ಪಕ್ಕದ ದೇಶದಲ್ಲಿ ಆಯುಧ, ಇನ್ನೊಂದು ಕಡೆ ಮುಟ್ಟಲೇಬಾರದ ನಿಷೇಧಿತ ವಸ್ತು. ಹಾಗಾಗಿ ಗನ್‌ಗಳನ್ನು ಹೋಲಿಸುವ ಮೊದಲು ಕಾನೂನು ಏನೇನು ಅಳೆಯುತ್ತದೆ ಅಂತ ನೋಡೋಣ.

ಅಳತೆಗೋಲುಗಳು

ಮೊದಲನೆಯದು ಶಕ್ತಿ. ಗುಂಡು, ಅಂದರೆ 6 ಮಿಲಿಮೀಟರಿನ ಪ್ಲಾಸ್ಟಿಕ್ ಬಿಬಿ, ನಳಿಕೆಯಿಂದ ಹೊರಬೀಳುವಾಗ ಅದರಲ್ಲಿ ಎಷ್ಟು ಜೂಲ್ ಇರುತ್ತದೆ ಅನ್ನುವುದು. ಆಟಗಾರರು ಸಾಮಾನ್ಯವಾಗಿ ಸೆಕೆಂಡಿಗೆ ಇಷ್ಟು ಅಡಿ ಅಂತ ವೇಗದಲ್ಲಿ ಮಾತಾಡುತ್ತಾರೆ, ಆದರೆ ಬಹಳಷ್ಟು ದೇಶಗಳ ಕಾನೂನು ಜೂಲ್‌ನಲ್ಲಿ ಮಾತಾಡುತ್ತದೆ. ಎರಡನ್ನೂ ಜೋಡಿಸುವುದು ಕಷ್ಟವಲ್ಲ. ವೇಗವನ್ನು ವೇಗದಿಂದಲೇ ಗುಣಿಸಿ, ಗುಂಡಿನ ತೂಕದಿಂದ ಗುಣಿಸಿ, ಅರ್ಧ ಮಾಡಿ. ತೂಕ ಕಿಲೋಗ್ರಾಂನಲ್ಲಿ, ವೇಗ ಸೆಕೆಂಡಿಗೆ ಮೀಟರ್‌ನಲ್ಲಿ ಇರಬೇಕು ಅಷ್ಟೆ. ನೆನಪಿಟ್ಟುಕೊಳ್ಳಲು ಒಂದು ಸುಲಭದ ಲೆಕ್ಕ: 0.20 ಗ್ರಾಂ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೋದರೆ ಸರಿಯಾಗಿ 1 ಜೂಲ್. ಅಡಿಯಲ್ಲಿ ಹೇಳಿದರೆ ಸೆಕೆಂಡಿಗೆ ಸುಮಾರು 328.

ಈ ಒಂದು ಜೂಲಿನ ಆಸುಪಾಸಿನಲ್ಲೇ ಜಗತ್ತಿನ ಬಹಳಷ್ಟು ಕಾನೂನುಗಳು ಗೆರೆ ಎಳೆದಿವೆ. ಜಪಾನಿನಲ್ಲಿ 2006ರ ತಿದ್ದುಪಡಿಯ ನಂತರ 6 ಮಿಲಿಮೀಟರ್ ಗುಂಡಿಗೆ ಮಿತಿ 0.989 ಜೂಲ್. ಇಟಲಿಯಲ್ಲಿ 1 ಜೂಲ್. ಬ್ರಿಟನ್ನಿನಲ್ಲಿ ಒಂದಕ್ಕಿಂತ ಹೆಚ್ಚು ಗುಂಡನ್ನು ಸತತವಾಗಿ ಹಾರಿಸಬಲ್ಲ ಗನ್‌ಗೆ 1.3 ಜೂಲ್, ಒಂದೊಂದೇ ಹಾರಿಸುವುದಕ್ಕೆ 2.5 ಜೂಲ್. ಹಾಂಗ್‌ಕಾಂಗ್‌ನಲ್ಲಿ 2 ಜೂಲ್. ದಕ್ಷಿಣ ಕೊರಿಯಾದಲ್ಲಿ ಬರೀ 0.2 ಜೂಲ್. ಅಂದರೆ ಜಪಾನಿನಲ್ಲಿ ತೊಂದರೆಯಿಲ್ಲದೆ ಆಡಿದ ಗನ್ನನ್ನು ಹಾಗೇ ಕೊರಿಯಾಕ್ಕೆ ಒಯ್ದರೆ ಅದು ಅಲ್ಲಿನ ಮಿತಿಯ ಐದು ಪಟ್ಟು ಆಗುತ್ತದೆ.

ಎರಡನೆಯದು ನೋಟ. ನನ್ನ ಪ್ರಕಾರ ಶಕ್ತಿಗಿಂತ ಇದೇ ಹೆಚ್ಚು ಮುಖ್ಯ. ಕಾನೂನು ಹೆದರುವುದು ಪ್ಲಾಸ್ಟಿಕ್ ಗುಂಡಿಗಲ್ಲ, ಅದನ್ನು ನೋಡಿದವರು ನಿಜವಾದ ಬಂದೂಕು ಅಂದುಕೊಂಡುಬಿಡುತ್ತಾರಲ್ಲ, ಅದಕ್ಕೆ. 2014ರ ನವೆಂಬರ್ 22ರಂದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಟಮಿರ್ ರೈಸ್ ಅನ್ನುವ 12 ವರ್ಷದ ಹುಡುಗ ಪಾರ್ಕಿನಲ್ಲಿ ಏರ್‌ಸಾಫ್ಟ್ ಪಿಸ್ತೂಲು ಹಿಡಿದುಕೊಂಡಿದ್ದ. ಅದರ ತುದಿಯಲ್ಲಿ ಇರಬೇಕಾಗಿದ್ದ ಕಿತ್ತಳೆ ಬಣ್ಣದ ಗುರುತು ಇರಲಿಲ್ಲ. ಪೊಲೀಸರು ಬಂದು ಇಳಿದ ಕೆಲವೇ ಕ್ಷಣಗಳಲ್ಲಿ ಗುಂಡು ಹಾರಿಸಿದರು. ಮರುದಿನ ಆ ಮಗು ತೀರಿಕೊಂಡಿತು. ಆ ಘಟನೆಯಲ್ಲಿ ಪೊಲೀಸರ ತಪ್ಪಿನ ಬಗ್ಗೆ ದೊಡ್ಡ ಚರ್ಚೆಯೇ ನಡೆದಿದೆ, ನಡೆಯಲೇಬೇಕಿತ್ತು. ಆದರೆ ಗನ್ ಆರಿಸುವವರಾಗಿ ನಾವು ನೆನಪಿಡಬೇಕಾದ್ದು ಒಂದಿದೆ. ಹತ್ತು ಹೆಜ್ಜೆ ದೂರದಿಂದ ನೋಡುವವರಿಗೆ ಜೂಲ್ ಕಾಣುವುದಿಲ್ಲ. ಆಕಾರ ಮತ್ತು ಬಣ್ಣ ಮಾತ್ರ ಕಾಣುತ್ತದೆ.

ಉಳಿದ ಮೂರು ಅಳತೆಗಳನ್ನು ಬೇಗ ಹೇಳುತ್ತೇನೆ. ಹಾರಿಸುವ ಬಗೆ: ಟ್ರಿಗರ್ ಒತ್ತಿ ಹಿಡಿದರೆ ಒಂದೇ ಗುಂಡಾ, ಸುರಿಮಳೆಯಾ? ವಯಸ್ಸು: ಕೊಳ್ಳುವವರಿಗೆ ಎಷ್ಟಾಗಿರಬೇಕು? ಸಾಗಿಸುವುದು: ಮನೆಯಿಂದ ಮೈದಾನಕ್ಕೆ ಹೇಗೆ ಒಯ್ಯಬೇಕು, ಎಲ್ಲಿ ಹೊರತೆಗೆಯಬಹುದು? ಇಟ್ಟುಕೊಳ್ಳುವುದು ಬೇರೆ, ಹೊತ್ತುಕೊಂಡು ಓಡಾಡುವುದು ಬೇರೆ. ಮನೆಯಲ್ಲಿ ಇಡಲು ಯಾವ ಲೈಸೆನ್ಸೂ ಬೇಡದ ಗನ್ನನ್ನೇ ರಸ್ತೆಯಲ್ಲಿ ಕೈಯಲ್ಲಿ ಹಿಡಿದು ನಡೆದರೆ ಅಪರಾಧ ಆಗುವ ದೇಶಗಳು ಬೇಕಾದಷ್ಟಿವೆ.

ಈ ಐದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಈಗ ಒಂದೊಂದೇ ಆಯ್ಕೆಗೆ ಬರೋಣ.

ನಿಜವಾದ ಬಂದೂಕಿನಂತೆಯೇ ಕಾಣುವ ಎಲೆಕ್ಟ್ರಿಕ್ ರೈಫಲ್

ಎಲ್ಲರ ಕಣ್ಣು ಮೊದಲು ಬೀಳುವುದು ಇದರ ಮೇಲೆ. ಒಳಗೆ ಬ್ಯಾಟರಿ, ಮೋಟರ್, ಗೇರು, ಪಿಸ್ಟನ್, ಒಂದು ಸ್ಪ್ರಿಂಗ್. ಹೊರಗೆ ಪೂರ್ತಿ ಮಿಲಿಟರಿ ನೋಟ. ಆಟಕ್ಕೆ ಇದಕ್ಕಿಂತ ಅನುಕೂಲದ್ದು ಇಲ್ಲ, ಒಪ್ಪುತ್ತೇನೆ. ಚಳಿಯಿರಲಿ ಬಿಸಿಲಿರಲಿ ಒಂದೇ ಥರ ಕೆಲಸ ಮಾಡುತ್ತದೆ. ಶಕ್ತಿಯನ್ನು ಸ್ಪ್ರಿಂಗ್ ಬದಲಿಸಿ ಹೆಚ್ಚುಕಡಿಮೆ ಮಾಡಬಹುದು. ಎಂ90, ಎಂ100, ಎಂ120 ಅಂತ ಸ್ಪ್ರಿಂಗ್‌ಗಳಿಗೆ ಹೆಸರಿರುತ್ತದೆ, ಆ ಅಂಕಿ 0.20 ಗ್ರಾಂ ಗುಂಡಿಗೆ ಸಿಗುವ ಅಂದಾಜು ವೇಗ, ಸೆಕೆಂಡಿಗೆ ಇಷ್ಟು ಮೀಟರ್ ಅಂತ. ಎಂ100 ಅಂದರೆ ಸುಮಾರು 1 ಜೂಲ್. ಅಂದಾಜು ಅಷ್ಟೇ, ನಳಿಕೆಯ ಉದ್ದ, ಗಾಳಿ ಸೋರಿಕೆ ಇವೆಲ್ಲ ಸೇರಿ ಅಂಕಿ ಬದಲಾಗುತ್ತದೆ. ಆದರೂ ಒಂದು ಸ್ಪ್ರಿಂಗ್ ಬದಲಿಸಿ ಬೇರೆ ದೇಶದ ಅಥವಾ ಬೇರೆ ಮೈದಾನದ ಮಿತಿಗೆ ಇಳಿಸಿಕೊಳ್ಳಬಹುದು ಅನ್ನುವುದು ದೊಡ್ಡ ಅನುಕೂಲ.

ಆದರೆ ಕಾನೂನಿನ ಭಾರ ಎಲ್ಲಕ್ಕಿಂತ ಜಾಸ್ತಿ ಬೀಳುವುದೂ ಇದರ ಮೇಲೆಯೇ. ಬ್ರಿಟನ್ ತಗೊಳ್ಳಿ. ಅಲ್ಲಿ 2006ರಲ್ಲಿ ಮಾಡಿದ, 2007ರ ಅಕ್ಟೋಬರ್‌ನಿಂದ ಜಾರಿಯಾದ ಕಾನೂನಿನ ಪ್ರಕಾರ ನಿಜವಾದ ಬಂದೂಕಿನಂತೆ ಕಾಣುವ ನಕಲಿಯನ್ನು ಮಾರುವುದು, ತಯಾರಿಸುವುದು, ಹೊರಗಿನಿಂದ ತರಿಸುವುದು ಎಲ್ಲವೂ ಅಪರಾಧ. ಏರ್‌ಸಾಫ್ಟ್ ಆಟಗಾರರಿಗೆ ಇದರಲ್ಲಿ ಒಂದು ವಿನಾಯಿತಿ ಇದೆ, ಆದರೆ ನೀವು ನಿಜವಾಗಿ ಆಡುವವರು ಅಂತ ತೋರಿಸಬೇಕು. ಅದಕ್ಕಾಗಿಯೇ ಅಲ್ಲಿ ಯುಕಾರಾ ಅನ್ನುವ ನೋಂದಣಿ ವ್ಯವಸ್ಥೆ ಇದೆ. ವಿಮೆ ಇರುವ ಮೈದಾನವೊಂದರಲ್ಲಿ ಕನಿಷ್ಠ 3 ಸಲ ಆಡಿರಬೇಕು, ಆ ಆಟಗಳು 56 ದಿನಕ್ಕಿಂತ ಕಡಿಮೆ ಅವಧಿಯಲ್ಲಿ ಮುಗಿದಿರಬಾರದು. ಇವತ್ತು ಆಸೆಯಾಯಿತು, ನಾಳೆ ಕೊಂಡೆ ಅನ್ನಲು ಆಗುವುದಿಲ್ಲ. ಎರಡು ತಿಂಗಳಾದರೂ ಬೇಕು.

ಜರ್ಮನಿಯಲ್ಲಿ ಹಾದಿ ಬೇರೆ. 0.5 ಜೂಲಿನ ಒಳಗಿದ್ದರೆ ಅದು ಆಟಿಕೆಯ ಲೆಕ್ಕ. ಅದರ ಮೇಲೆ 7.5 ಜೂಲಿನವರೆಗೆ 18 ವರ್ಷ ತುಂಬಿರಬೇಕು, ಗನ್ ಮೇಲೆ ಐದು ಮೂಲೆಯ ಚೌಕಟ್ಟಿನೊಳಗೆ ಎಫ್ ಅನ್ನುವ ಮುದ್ರೆ ಇರಬೇಕು. ಇಲ್ಲಿ ಒಂದು ಹೊಡೆತ ಇದೆ. 0.5 ಜೂಲ್ ದಾಟಿದ ಗನ್ ಸುರಿಮಳೆ ಹಾರಿಸುವಂತಿರಬಾರದು, ಒಂದು ಒತ್ತಿಗೆ ಒಂದೇ ಗುಂಡು. ಬೇರೆ ದೇಶದಲ್ಲಿ ಕೊಂಡ, ಸುರಿಮಳೆ ಬಟನ್ ಇರುವ ಸಾಮಾನ್ಯ ಎಲೆಕ್ಟ್ರಿಕ್ ರೈಫಲನ್ನು ಜರ್ಮನಿಗೆ ಒಯ್ದರೆ ಅಲ್ಲಿ ಅದು ಆಟದ ಸಾಮಾನಲ್ಲ, ನಿಷೇಧಿತ ಆಯುಧ. ಜೊತೆಗೆ ಅಸಲಿಯಂತೆ ಕಾಣುವ ಯಾವುದನ್ನೂ, ಅದು ಎಷ್ಟೇ ಕಡಿಮೆ ಶಕ್ತಿಯದ್ದಾದರೂ, ಸಾರ್ವಜನಿಕ ಜಾಗದಲ್ಲಿ ಹೊತ್ತು ಓಡಾಡುವಂತಿಲ್ಲ. ಸಾಗಿಸಬೇಕಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ.

ಇನ್ನು ಕೆನಡಾ. ಇಲ್ಲಿನ ನಿಯಮ ಮೊದಲ ಸಲ ಓದಿದಾಗ ತಲೆ ಕೆರೆದುಕೊಳ್ಳುವಂತಿದೆ. ಅಸಲಿಯ ಹಾಗೆಯೇ ಕಾಣುವ, ಆದರೆ ಬಂದೂಕಲ್ಲದ ನಕಲಿ ಅಲ್ಲಿ ನಿಷೇಧ. ಹಾಗಾದರೆ ಏರ್‌ಸಾಫ್ಟ್ ಹೇಗೆ ಉಳಿದಿದೆ? 0.20 ಗ್ರಾಂ ಗುಂಡನ್ನು ಸೆಕೆಂಡಿಗೆ 366 ಅಡಿಗಿಂತ ವೇಗವಾಗಿ ಎಸೆಯುವ ಗನ್ ಗಾಯ ಮಾಡಬಲ್ಲದು ಅಂತ ಲೆಕ್ಕ, ಆಗ ಅದು ನಕಲಿಯ ವ್ಯಾಖ್ಯೆಯಿಂದ ತಪ್ಪಿಸಿಕೊಳ್ಳುತ್ತದೆ. ಮೇಲಕ್ಕೆ 500 ಅಡಿ ಮತ್ತು 5.7 ಜೂಲ್ ಎರಡನ್ನೂ ದಾಟಿದರೆ ಪೂರ್ತಿ ಬಂದೂಕಿನ ಲೆಕ್ಕಕ್ಕೆ ಹೋಗುತ್ತದೆ. ಅಂದರೆ ಬೇರೆ ಕಡೆ ಶಕ್ತಿ ಕಡಿಮೆ ಇದ್ದಷ್ಟೂ ಕ್ಷೇಮ, ಇಲ್ಲಿ ಅಸಲಿ ನೋಟದ ಗನ್ ತೀರಾ ನಿಧಾನವಾದರೆ ತೊಂದರೆ! ಜಪಾನಿನ ಮಿತಿಗೆ ತಯಾರಾದ, ಸುಮಾರು 326 ಅಡಿ ವೇಗದ ಗನ್ನನ್ನು ಕೆನಡಾಕ್ಕೆ ತರಿಸಿದರೆ ಕಸ್ಟಮ್ಸ್‌ನಲ್ಲೇ ನಿಲ್ಲುವ ಸಾಧ್ಯತೆ ಇರುವುದು ಇದೇ ಕಾರಣಕ್ಕೆ.

ಹಾಗಾದರೆ ಇದು ಯಾರಿಗೆ? ತಿಂಗಳಿಗೆ ಒಂದೆರಡು ಸಲವಾದರೂ ಆಡುವವರಿಗೆ, ಬೀಗದ ಕೇಸ್, ನೋಂದಣಿ, ಓಡಾಟದ ಶಿಸ್ತು ಎಲ್ಲವನ್ನೂ ಪಾಲಿಸುತ್ತೇನೆ ಅನ್ನುವವರಿಗೆ. ಷೋಕೇಸಿನಲ್ಲಿ ಇಡಲು ಮಾತ್ರ ಬೇಕು ಅನ್ನುವವರಿಗೆ ಇಷ್ಟೆಲ್ಲ ತಲೆನೋವು ಯಾಕೆ, ಅಲ್ವಾ?

ಎರಡು ಬಣ್ಣದ್ದು, ಪಾರದರ್ಶಕದ್ದು

ಅದೇ ಗನ್, ಅದೇ ಮೋಟರ್, ಹೊರಮೈ ಮಾತ್ರ ಅಪ್ಪಟ ನೀಲಿ, ಹಸಿರು ಅಥವಾ ಕಿತ್ತಳೆ. ಇದನ್ನು ಕಂಡರೆ ಮೂಗು ಮುರಿಯುವವರು ಬಹಳ. ನನಗೆ ಇದರ ಬಗ್ಗೆ ಪಕ್ಷಪಾತ ಇದೆ, ಹೇಳಿಬಿಡುತ್ತೇನೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಮೊದಲ ಗನ್ ಇಲ್ಲ.

ಬ್ರಿಟನ್ನಿನ ಕಾನೂನಿನಲ್ಲಿ ಗನ್ನಿನ ಮುಖ್ಯ ಬಣ್ಣ ಅಪ್ಪಟ ಕೆಂಪು, ಕಿತ್ತಳೆ, ಹಳದಿ, ಹಸಿರು, ಗುಲಾಬಿ, ನೇರಳೆ, ನೀಲಿ ಇವುಗಳಲ್ಲಿ ಒಂದಾಗಿದ್ದರೆ ಅಥವಾ ಮೈ ಪಾರದರ್ಶಕವಾಗಿದ್ದರೆ ಅದನ್ನು ಅಸಲಿ ನೋಟದ್ದು ಅಂತ ಹಿಡಿಯುವುದಿಲ್ಲ. ಮೂರು ಆಟ, 56 ದಿನ ಯಾವುದೂ ಬೇಕಿಲ್ಲ. 18 ತುಂಬಿದ್ದರೆ ಸಾಕು. ಆದರೆ ಇಲ್ಲೊಂದು ಬಲೆ ಇದೆ, ಹಲವರು ಬೀಳುವುದೂ ಇದರಲ್ಲೇ. ಮನೆಗೆ ತಂದ ಮೇಲೆ ನೀಲಿ ಬಣ್ಣ ಚೆನ್ನಾಗಿಲ್ಲ ಅಂತ ಕಪ್ಪು ಸ್ಪ್ರೇ ಹೊಡೆಯುತ್ತಾರೆ. ಕಾನೂನಿನ ಪ್ರಕಾರ ಆಗ ನೀವು ಅಸಲಿ ನೋಟದ ನಕಲಿಯೊಂದನ್ನು ತಯಾರಿಸಿದ ಹಾಗೆ. ವಿನಾಯಿತಿ ಇಲ್ಲದವರು ಹಾಗೆ ಮಾಡಿದರೆ ಅದು ಅಪರಾಧ. ಒಂದು ಡಬ್ಬಿ ಬಣ್ಣದಿಂದ ಕೊಳ್ಳುವಾಗ ಇಲ್ಲದ ತೊಂದರೆಯನ್ನು ಮೈಮೇಲೆ ಎಳೆದುಕೊಂಡ ಹಾಗಾಗುತ್ತದೆ.

ಅಮೆರಿಕದಲ್ಲಿ ಕೇಂದ್ರ ಕಾನೂನು ಕೇಳುವುದು ಕಡಿಮೆ. ತಯಾರಿಸುವಾಗ, ತರಿಸುವಾಗ, ಮಾರುವಾಗ ನಳಿಕೆಯ ತುದಿ ಎದ್ದುಕಾಣುವ ಕಿತ್ತಳೆ ಬಣ್ಣದಲ್ಲಿ ಇರಬೇಕು, ಕನಿಷ್ಠ 6 ಮಿಲಿಮೀಟರ್. ಉಳಿದದ್ದನ್ನು ರಾಜ್ಯಗಳು, ನಗರಗಳು ಬಿಗಿ ಮಾಡಿವೆ. ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ತುದಿಯ ಬಣ್ಣ ಒಂದೇ ಸಾಲದು, ಟ್ರಿಗರ್ ಸುತ್ತಲಿನ ಬಳೆ ಮುಂತಾದ ಕಡೆಯೂ ಹೊಳೆಯುವ ಬಣ್ಣ ಬೇಕು. ನ್ಯೂಯಾರ್ಕ್ ನಗರದಲ್ಲಿ ಇನ್ನೂ ಬಿಗಿ, ಆಟಿಕೆ ಗನ್ನಿನ ಪೂರ್ತಿ ಮೈಯೇ ಹೊಳೆಯುವ ಬಣ್ಣದ್ದು ಅಥವಾ ಪಾರದರ್ಶಕ ಆಗಿರಬೇಕು, ಗಾಳಿ ಅಥವಾ ಸ್ಪ್ರಿಂಗ್ ಬಲದಿಂದ ಹಾರಿಸುವ ಗನ್ನನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವಂತೆಯೇ ಇಲ್ಲ. ಹಾಗಾಗಿ ಒಂದು ರಾಜ್ಯದಲ್ಲಿ ಸಿಕ್ಕಿತು ಅಂದಮಾತ್ರಕ್ಕೆ ಪಕ್ಕದ ರಾಜ್ಯದಲ್ಲೂ ಸರಿ ಅಂತಲ್ಲ.

ಆಟದಲ್ಲಿ ಇದರ ಕೊರತೆ ಏನು? ಗಿಡಗಳ ನಡುವೆ ಅಡಗಿದಾಗ ಎದ್ದು ಕಾಣುತ್ತದೆ. ಮರುಮಾರಾಟಕ್ಕೆ ಬೆಲೆ ಕಡಿಮೆ ಬರುತ್ತದೆ. ಅಷ್ಟೇ. ಆ ಕಡೆ ತೂಗಿ ನೋಡಿದರೆ, ಕಾರಿನಲ್ಲಿ ಪೊಲೀಸರು ತಡೆದಾಗಲೋ, ಪಕ್ಕದ ಮನೆಯವರು ಕಿಟಕಿಯಿಂದ ನೋಡಿದಾಗಲೋ ನಿಮ್ಮ ಜೀವಕ್ಕೆ ಈ ಬಣ್ಣ ಕೊಡುವ ರಕ್ಷಣೆ ಯಾವ ಕಾಗದವೂ ಕೊಡುವುದಿಲ್ಲ. ಹಾಗಂತ ಬಣ್ಣದ್ದು ಅಂತ ಹೊರಗೆ ಆಡಿಸಿಕೊಂಡು ತಿರುಗಬಾರದು. ಬ್ರಿಟನ್ನಿನಲ್ಲಿ ಸರಿಯಾದ ಕಾರಣವಿಲ್ಲದೆ ಸಾರ್ವಜನಿಕ ಜಾಗದಲ್ಲಿ ನಕಲಿ ಬಂದೂಕು ಇಟ್ಟುಕೊಳ್ಳುವುದೇ ಅಪರಾಧ, ಅದು ನೀಲಿಯಾದರೂ ಸರಿ.

ಕೈಯಲ್ಲಿ ಎಳೆದು ಹಾರಿಸುವ ಸ್ಪ್ರಿಂಗ್ ಗನ್

ಬಜೆಟ್ ತೀರಾ ಕಡಿಮೆ ಇದ್ದವರಿಗೆ, ಮನೆಯೊಳಗೆ ಡಬ್ಬಿಗೆ ಗುರಿ ಇಡುವವರಿಗೆ ಇದು ಸಾಕು. ಪ್ರತಿ ಗುಂಡಿಗೂ ಎಳೆಯಬೇಕು. ಬ್ಯಾಟರಿ ಇಲ್ಲ, ಗ್ಯಾಸ್ ಇಲ್ಲ. ಜರ್ಮನಿಯ 0.5 ಜೂಲಿನ ಒಳಗೆ, ಜಪಾನಿನಲ್ಲಿ ಹತ್ತು ವರ್ಷದ ಮೇಲಿನ ಮಕ್ಕಳಿಗೆ ಅಂತ ತಯಾರಕರೇ ಇಟ್ಟುಕೊಂಡಿರುವ 0.135 ಜೂಲಿನ ಒಳಗೆ ಸಿಗುವ ಗನ್‌ಗಳು ಬಹುತೇಕ ಈ ಜಾತಿಯವು.

ಆದರೆ ಸ್ಪ್ರಿಂಗ್ ಅಂದಕೂಡಲೇ ಮೃದು ಅಂದುಕೊಳ್ಳಬೇಡಿ. ಬೋಲ್ಟ್ ಎಳೆಯುವ ಸ್ನೈಪರ್ ರೈಫಲ್ ಕೂಡ ಸ್ಪ್ರಿಂಗ್ ಗನ್ನೇ. ಅದು 2 ಜೂಲ್ ದಾಟುವುದು ಮಾಮೂಲಿ. ಬ್ರಿಟನ್ ಒಂದೊಂದೇ ಗುಂಡು ಹಾರಿಸುವ ಗನ್‌ಗೆ 2.5 ಜೂಲ್ ಬಿಟ್ಟುಕೊಟ್ಟಿರುವುದರಿಂದ ಅಲ್ಲಿ ಇದಕ್ಕೆ ಜಾಗ ಇದೆ. ಫ್ರಾನ್ಸಿನಲ್ಲಿ 2 ಜೂಲ್ ದಾಟಿದರೆ ಅದು ಆಯುಧದ ಸಾಲಿಗೆ ಸೇರುತ್ತದೆ, ಅದರೊಳಗಿದ್ದರೂ 0.08 ಜೂಲಿನ ಮೇಲೆ ಇರುವುದನ್ನು 18 ತುಂಬದವರಿಗೆ ಮಾರುವಂತಿಲ್ಲ. ಜಪಾನ್, ಇಟಲಿಯಲ್ಲಂತೂ 2 ಜೂಲಿನ ಸ್ನೈಪರ್ ಮಾತೇ ಇಲ್ಲ. ದೂರ ಹೊಡೆಯುವ ಆಸೆಯಿಂದ ಸ್ನೈಪರ್ ಕೊಳ್ಳಲು ಹೊರಟವರು ಮೊದಲು ನಿಮ್ಮ ದೇಶದ ಅಂಕಿ, ಆಮೇಲೆ ನಿಮ್ಮ ಮೈದಾನದ ಅಂಕಿ ನೋಡಿ. ಮೈದಾನದವರ ಮಿತಿ ಕಾನೂನಿನ ಮಿತಿಗಿಂತ ಕಡಿಮೆಯೇ ಇರುತ್ತದೆ, ಸ್ನೈಪರ್‌ಗೆ ಇಷ್ಟು ದೂರದೊಳಗೆ ಹೊಡೆಯಬಾರದು ಅನ್ನುವ ನಿಯಮವೂ ಇರುತ್ತದೆ.

ಗ್ಯಾಸ್ ಗನ್, ಮತ್ತು ನಾನು ಕಲಿತ ಪಾಠ

ಗ್ಯಾಸ್ ಪಿಸ್ತೂಲಿನ ಸ್ಲೈಡ್ ಹಿಂದಕ್ಕೆ ಹೊಡೆಯುವ ಆ ಅನುಭವ ಎಲೆಕ್ಟ್ರಿಕ್‌ನಲ್ಲಿ ಸಿಗುವುದಿಲ್ಲ, ನಿಜ. ಆದರೆ ಕಾನೂನಿನ ಮಿತಿಯೊಳಗೆ ನಿಲ್ಲಿಸಿಕೊಳ್ಳುವುದು ಅತಿ ಕಷ್ಟ ಇದನ್ನೇ. ಕಾರಣ ಸರಳ. ಇದರಲ್ಲಿ ಬಳಸುವ ಗ್ರೀನ್ ಗ್ಯಾಸ್ ಅಂದರೆ ಮುಖ್ಯವಾಗಿ ಪ್ರೊಪೇನ್, ಜೊತೆಗೆ ಸ್ವಲ್ಪ ಸಿಲಿಕೋನ್ ಎಣ್ಣೆ. ಬಿಸಿಲು ಏರಿದಂತೆ ಅದರ ಒತ್ತಡ ಏರುತ್ತದೆ. ಬೆಳಗ್ಗೆ ಚಳಿಯಲ್ಲಿ 0.9 ಜೂಲ್ ತೋರಿಸಿದ ಗನ್ ಮಧ್ಯಾಹ್ನ 1 ಜೂಲ್ ದಾಟಬಹುದು. ಗನ್ ಅದೇ, ನೀವು ಏನೂ ಮಾಡಿಲ್ಲ, ಆದರೂ ಮಿತಿ ಮೀರಿತು. ಇಟಲಿ, ಜಪಾನಿನಂಥ ಕಡೆ ಗೆರೆಗೆ ಅಂಟಿಕೊಂಡು ನಿಲ್ಲುವ ಗ್ಯಾಸ್ ಗನ್ ಕೊಳ್ಳಬಾರದು ಅನ್ನುವುದು ಇದಕ್ಕೇ.

ಇನ್ನೊಂದು ವಿಷಯ ನಾನು ಕೈ ಸುಟ್ಟುಕೊಂಡು ಕಲಿತದ್ದು. ಒಬ್ಬರ ಹತ್ತಿರ ಸೆಕೆಂಡ್‌ಹ್ಯಾಂಡ್ ಗ್ಯಾಸ್ ರೈಫಲ್ ಕೊಂಡಿದ್ದೆ. 1 ಜೂಲ್ ಅಂತ ಹೇಳಿದ್ದರು, ಸುಳ್ಳೂ ಹೇಳಿರಲಿಲ್ಲ, 0.20 ಗ್ರಾಂ ಗುಂಡಿಗೆ ಅಷ್ಟೇ ಬರುತ್ತಿತ್ತು. ನಾನು ಆಟಕ್ಕೆ ತುಂಬಿಕೊಂಡು ಹೋದದ್ದು 0.30 ಗ್ರಾಂ. ಮೈದಾನದಲ್ಲಿ ವೇಗ ಅಳೆಯುವ ಕ್ರೋನೋ ಮೇಲೆ ಇಟ್ಟಾಗ ಸೆಕೆಂಡಿಗೆ 92 ಮೀಟರ್ ಬಂತು. ವೇಗ ಕಡಿಮೆಯೇ ಇದೆಯಲ್ಲ ಅಂತ ನಾನು ನಿರಾಳವಾಗಿದ್ದೆ. ಅಲ್ಲಿದ್ದವರು ಲೆಕ್ಕ ಮಾಡಿ ತೋರಿಸಿದರು, 1.27 ಜೂಲ್. ಆ ಮೈದಾನದ ಮಿತಿ 1.14. ಗ್ಯಾಸ್ ಗನ್ನಿನಲ್ಲಿ ಭಾರದ ಗುಂಡು ನಳಿಕೆಯೊಳಗೆ ಹೆಚ್ಚು ಹೊತ್ತು ಇರುತ್ತದೆ, ಅಷ್ಟು ಹೊತ್ತೂ ಗ್ಯಾಸ್ ತಳ್ಳುತ್ತಲೇ ಇರುತ್ತದೆ, ಹಾಗಾಗಿ ಗುಂಡಿನ ತೂಕ ಏರಿದಂತೆ ಶಕ್ತಿಯೂ ಏರುತ್ತದೆ. ಆ ದಿನ ಪೂರ್ತಿ ಬಾಡಿಗೆ ಗನ್ನಿನಲ್ಲಿ ಆಡಿದೆ. ಅದಾದ ಮೇಲೆ ಯಾರೇ ವೇಗ ಹೇಳಲಿ, ಯಾವ ತೂಕದ ಗುಂಡಿಗೆ ಅಂತ ಕೇಳದೆ ನಾನು ಮುಂದೆ ಹೋಗುವುದಿಲ್ಲ. ನೀವೂ ಕೇಳಿ. ಸಾಧ್ಯವಾದರೆ ನೀವು ಆಡುವ ತೂಕದ ಗುಂಡನ್ನೇ ಹಾಕಿಸಿ, ನಿಮ್ಮ ಕಣ್ಣೆದುರು ಅಳೆಸಿ, ಆಮೇಲೆ ದುಡ್ಡು ಕೊಡಿ.

ಹೊರಗಿನ ಟ್ಯಾಂಕಿನಿಂದ ಒತ್ತಡದ ಗಾಳಿ ಕೊಡುವ ಎಚ್‌ಪಿಎ ಗನ್‌ಗಳೂ ಇವೆ. ರೆಗ್ಯುಲೇಟರ್ ತಿರುಗಿಸಿದರೆ ಶಕ್ತಿ ಏರುತ್ತದೆ, ಅದಕ್ಕೇ ಅನೇಕ ಮೈದಾನಗಳಲ್ಲಿ ಅಳತೆ ಆದ ಮೇಲೆ ಅದಕ್ಕೆ ಬೀಗದ ಕ್ಲಿಪ್ ಹಾಕುತ್ತಾರೆ. ಮೊದಲ ಗನ್ನಾಗಿ ಇದು ಬೇಡ.

ಕೊಳ್ಳದೇ ಆಡುವುದು

ಬಾಡಿಗೆ ಗನ್ ಬಗ್ಗೆ ಯಾರೂ ಉತ್ಸಾಹದಿಂದ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಮೇಲೆ ಹೇಳಿದ ಐದು ಅಳತೆಗಳಲ್ಲಿ ನಾಲ್ಕು ನಿಮ್ಮ ತಲೆಯಿಂದ ಇಳಿದುಹೋಗುತ್ತವೆ. ಗನ್ ಮೈದಾನದ್ದು. ಶಕ್ತಿ ಅಳೆದು ಇಟ್ಟಿರುತ್ತಾರೆ. ಸಾಗಿಸುವ ಮಾತಿಲ್ಲ, ಮನೆಯಲ್ಲಿ ಬಚ್ಚಿಡುವ ಮಾತಿಲ್ಲ. ಉಳಿಯುವುದು ವಯಸ್ಸು ಒಂದೇ. ಹೆಚ್ಚಿನ ಕಡೆ ಆಡುವ ವಯಸ್ಸು ಕೊಳ್ಳುವ ವಯಸ್ಸಿಗಿಂತ ಕಡಿಮೆ ಇರುತ್ತದೆ, ದೊಡ್ಡವರ ಸಹಿ ಮಾತ್ರ ಬೇಕು. ಬ್ರಿಟನ್ನಿನಲ್ಲಿ ಹೇಗೂ ಮೂರು ಆಟ ಆಡಲೇಬೇಕಲ್ಲ, ಆ ಮೂರನ್ನೂ ಬೇರೆ ಬೇರೆ ಥರದ ಬಾಡಿಗೆ ಗನ್ನಿನಲ್ಲಿ ಆಡಿ. ಯಾವುದು ಕೈಗೆ ಕೂರುತ್ತದೆ ಅಂತ ಅಷ್ಟರಲ್ಲಿ ಗೊತ್ತಾಗುತ್ತದೆ.

ವರ್ಷಕ್ಕೆ ನಾಲ್ಕೈದು ಸಲ ಆಡುವವರು ಲೆಕ್ಕ ಹಾಕಿ ನೋಡಿ. ಗನ್, ಬ್ಯಾಟರಿ, ಚಾರ್ಜರ್, ಬೀಗದ ಕೇಸ್, ಮ್ಯಾಗಜೀನ್, ರಿಪೇರಿ ಎಲ್ಲ ಸೇರಿಸಿದರೆ ಎಷ್ಟೋ ವರ್ಷದ ಬಾಡಿಗೆಗೆ ಸಮ ಆಗುತ್ತದೆ. ಇರುವ ದುಡ್ಡನ್ನು ಕಣ್ಣಿನ ರಕ್ಷಣೆಗೆ ಹಾಕಿ, ಬಾಡಿಗೆ ಕನ್ನಡಕ ಗೀರು ಬಿದ್ದು ಮಸುಕಾಗಿರುತ್ತದೆ. ಯುರೋಪಿನ ಇಎನ್ 166 ಗುರುತಿನಲ್ಲಿ ಬಿ ಅಕ್ಷರ ಇದ್ದರೆ ಆ ಗಾಗಲ್ಸನ್ನು 6 ಮಿಲಿಮೀಟರಿನ ಉಕ್ಕಿನ ಗುಂಡಿನಿಂದ ಸೆಕೆಂಡಿಗೆ 120 ಮೀಟರ್ ವೇಗದಲ್ಲಿ ಹೊಡೆದು ಪರೀಕ್ಷಿಸಿರುತ್ತಾರೆ. ಎಫ್ ಅಂತ ಇದ್ದರೆ ಬರೀ 45 ಮೀಟರ್. ಕೊಳ್ಳುವಾಗ ಆ ಅಕ್ಷರ ನೋಡಿ. ಮಾಮೂಲಿ ಚಷ್ಮಾ, ಕೂಲಿಂಗ್ ಗ್ಲಾಸ್ ಯಾವತ್ತೂ ಲೆಕ್ಕಕ್ಕಿಲ್ಲ.

ಏರ್‌ಸಾಫ್ಟೇ ಸಿಗದ ಕಡೆ

ಆಸ್ಟ್ರೇಲಿಯಾದಂಥ ದೇಶದಲ್ಲಿ ಏರ್‌ಸಾಫ್ಟ್‌ಗೆ ಬಾಗಿಲು ಮುಚ್ಚಿದ ಹಾಗೆಯೇ. ಅಲ್ಲಿನವರು ನೀರು ಹೀರಿಕೊಂಡು ಉಬ್ಬುವ ಮಣಿಗಳನ್ನು ಎಸೆಯುವ ಜೆಲ್ ಬ್ಲಾಸ್ಟರ್ ಕಡೆ ಹೋದರು. ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಲೈಸೆನ್ಸ್ ಬೇಡ, ಆದರೆ 2021ರ ಫೆಬ್ರವರಿಯಿಂದ ಇಟ್ಟುಕೊಳ್ಳಲು ಸರಿಯಾದ ಕಾರಣ ಬೇಕು, ಭದ್ರವಾಗಿ ಎತ್ತಿಡಬೇಕು. ಸೌತ್ ಆಸ್ಟ್ರೇಲಿಯಾ 2020ರಲ್ಲಿ ಅದನ್ನು ಬಂದೂಕಿನ ಸಾಲಿಗೇ ಸೇರಿಸಿ ಲೈಸೆನ್ಸ್ ಕಡ್ಡಾಯ ಮಾಡಿತು. ವೆಸ್ಟರ್ನ್ ಆಸ್ಟ್ರೇಲಿಯಾ 2021ರಲ್ಲಿ ನಿಷೇಧಿಸಿತು. ಒಂದೇ ದೇಶ, ಒಂದೇ ವಸ್ತು, ಮೂರು ಕಾನೂನು. ನೀರಿನ ಮಣಿ ಅಂತ ಸಸಾರ ಮಾಡಬೇಡಿ ಅನ್ನುವುದಕ್ಕೆ ಇದನ್ನು ಹೇಳಿದೆ.

ಬಣ್ಣ ತುಂಬಿದ ಚೆಂಡು ಹಾರಿಸುವ ಪೇಂಟ್‌ಬಾಲ್ ಇನ್ನೊಂದು ದಾರಿ. ಶಕ್ತಿ ನೋಡಿದರೆ ಅದು ಏರ್‌ಸಾಫ್ಟ್‌ಗಿಂತ ಬಹಳ ಜಾಸ್ತಿ. ಸುಮಾರು 3 ಗ್ರಾಂ ತೂಕದ ಚೆಂಡು ಸೆಕೆಂಡಿಗೆ 85 ಮೀಟರ್ ಹೋದರೆ 10 ಜೂಲ್ ದಾಟುತ್ತದೆ. ಆದರೂ ಹಲವು ಕಡೆ ಅದಕ್ಕೆ ಅಡ್ಡಿ ಕಡಿಮೆ, ಯಾಕೆಂದರೆ ಚೆಂಡು ಒಡೆಯುತ್ತದೆ, ಮೇಲೆ ಚೆಂಡು ತುಂಬುವ ಬುಟ್ಟಿ ಕಟ್ಟಿಕೊಂಡ ಆ ಗನ್ನಿನ ಆಕಾರವನ್ನು ಯಾರೂ ಅಸಲಿ ಬಂದೂಕು ಅಂದುಕೊಳ್ಳುವುದಿಲ್ಲ. ಜರ್ಮನಿ ಮಾತ್ರ ಅಲ್ಲೂ 7.5 ಜೂಲ್, ಎಫ್ ಮುದ್ರೆ, 18 ವರ್ಷ ಅನ್ನುತ್ತದೆ. ಮಕ್ಕಳು ಜೊತೆಗಿದ್ದರೆ ಲೇಸರ್ ಟ್ಯಾಗ್ ಒಳ್ಳೆಯದು. ಗುಂಡೇ ಇಲ್ಲ, ಬರೀ ಇನ್ಫ್ರಾರೆಡ್ ಕಿರಣ, ಶಕ್ತಿಯ ಪ್ರಶ್ನೆ ಹುಟ್ಟುವುದಿಲ್ಲ. ಆದರೆ ಅಸಲಿ ರೈಫಲ್ ಆಕಾರದ ಲೇಸರ್ ಗನ್ ಕೊಂಡರೆ ನೋಟದ ಕಾನೂನು ಅದಕ್ಕೂ ತಗುಲುತ್ತದೆ.

ಹಾಗಾದರೆ ನಿಮಗೆ ಯಾವುದು?

ಇದುವರೆಗೆ ಒಂದು ಸಲವೂ ಆಡದವರು ಕೊಳ್ಳಬೇಡಿ, ಮೂರು ಸಲ ಬಾಡಿಗೆಯಲ್ಲಿ ಆಡಿ. ಆಡಿದ್ದೀರಿ, ಹಿಡಿಸಿದೆ, ಬಜೆಟ್ ಮಧ್ಯಮ, ಮನೆಯಲ್ಲಿ ಬೇರೆಯವರೂ ಇದ್ದಾರೆ ಅಂದರೆ 1 ಜೂಲಿನ ಆಸುಪಾಸಿನ ಎರಡು ಬಣ್ಣದ ಎಲೆಕ್ಟ್ರಿಕ್ ರೈಫಲ್, ನಿಮ್ಮ ಕಡೆ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಅದಕ್ಕೆ ತಕ್ಕ ಸ್ಪ್ರಿಂಗ್ ಹಾಕಿಸಿ. ಕೆನಡಾದಲ್ಲಿ ಇರುವವರು ಮಾತ್ರ ಈ ಸಲಹೆಯನ್ನು ಹಾಗೇ ತಗೊಳ್ಳಬೇಡಿ, ಅಲ್ಲಿ ಅಸಲಿ ನೋಟ ಬೇಕಾದರೆ 366 ಅಡಿಯ ಗೆರೆಯ ಮೇಲಿರಬೇಕು. ಖಾಯಂ ಆಟಗಾರರು, ನೋಂದಣಿ ಆಗಿದೆ, ಬೀಗದ ಕೇಸ್ ಇದೆ ಅನ್ನುವವರು ಅಸಲಿ ನೋಟದ್ದಕ್ಕೆ ಹೋಗಬಹುದು. ಗ್ಯಾಸ್ ಪಿಸ್ತೂಲು ಎರಡನೆಯ ಗನ್ನಾಗಿ ಚಂದ, ಮೊದಲನೆಯದಾಗಿ ಅಲ್ಲ.

ಮಗ ಅಥವಾ ಮಗಳಿಗೆ ಕೊಡಿಸಬೇಕು ಅನ್ನುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಸ್ವಲ್ಪ ಕಠಿಣ. ಮಗುವಿನ ಕೈಗೆ ಕಪ್ಪು ಪಿಸ್ತೂಲು ಕೊಡಲೇಬೇಡಿ. ಶಕ್ತಿ 0.1 ಜೂಲ್ ಇದ್ದರೂ ಬೇಡ. ಪಾರದರ್ಶಕ ಮೈಯ, ಕಡಿಮೆ ಶಕ್ತಿಯ ಸ್ಪ್ರಿಂಗ್ ಗನ್ ಕೊಡಿಸಿ, ಗಾಗಲ್ಸ್ ಅದರ ಜೊತೆಗೇ ಕೊಡಿಸಿ, ಅದು ಕಾಂಪೌಂಡ್ ದಾಟಬಾರದು ಅಂತ ಮೊದಲ ದಿನವೇ ಹೇಳಿ. ಗನ್ ಅಷ್ಟೇ ಅಲ್ಲ, ಗುಂಡೂ ದಾಟಬಾರದು. ಜರ್ಮನಿಯಲ್ಲಿ ಈ ಮಾತು ಕಾನೂನಿನಲ್ಲೇ ಇದೆ, ಸ್ವಂತ ಜಾಗದಲ್ಲಿ ಹಾರಿಸಿದರೂ ಗುಂಡು ಆಚೆ ಹೋಗದ ಹಾಗಿರಬೇಕು.

ಇನ್ನು ಓದಲು ಅಥವಾ ಕೆಲಸಕ್ಕೆ ದೇಶ ಬದಲಿಸುವವರು. ಗನ್ನನ್ನು ಜೊತೆಗೆ ಒಯ್ಯುವುದಕ್ಕಿಂತ ಇಲ್ಲೇ ಮಾರಿ ಅಲ್ಲಿ ಕೊಳ್ಳುವುದು ಮೇಲು, ಯಾಕೆ ಅನ್ನುವುದು ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. ಒಯ್ಯಲೇಬೇಕಾದರೆ ಹೋಗುವ ದೇಶದ ಕಸ್ಟಮ್ಸ್‌ಗೆ ಮೊದಲು ಬರೆದು ಕೇಳಿ, ಅವರ ಉತ್ತರವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಟಿಕೆಟ್ ತೆಗೆಯುವಾಗಲೇ ವಿಮಾನ ಕಂಪನಿಗೂ ಹೇಳಿ. ನಕಲಿ ಬಂದೂಕನ್ನು ವಿಮಾನದೊಳಗೆ ಕೈಚೀಲದಲ್ಲಿ ಒಯ್ಯುವಂತಿಲ್ಲ, ಅದು ಚೆಕ್‌ಇನ್ ಬ್ಯಾಗಿಗೆ. ಬಿಡಿ ಲಿಥಿಯಂ ಬ್ಯಾಟರಿ ಅದರ ಉಲ್ಟಾ, ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಟೇಪ್ ಸುತ್ತಿ. ಗ್ರೀನ್ ಗ್ಯಾಸ್ ಡಬ್ಬಿ ಎರಡರಲ್ಲೂ ಇಲ್ಲ, ಅದನ್ನು ಬಿಟ್ಟೇ ಹೋಗಬೇಕು.